ಹಿಮನಾಡಿನಲ್ಲಿ ಕೊಳವೆಯ ದಾರಿ

"ಯಾರಿಗೂ ನೋವಾಗದ ದಾರಿಯೊಂದು ಕಾಣುವವರೆಗೆ ಕಾಯುವುದು ತಪ್ಪೇ, ಗುರುಗಳೇ?" ಎಂದು ಅಡವೀಶ ಕೇಳಿದ.

ಮಠದ ಹೊಸ ಶಾಲೆಯನ್ನು ಎರಡು ಊರುಗಳಲ್ಲಿ ಯಾವುದಕ್ಕೆ ಕೊಡಬೇಕೆಂಬ ತೀರ್ಮಾನವನ್ನು ಗುರುಗಳು ಅವನಿಗೇ ಬಿಟ್ಟಿದ್ದರು. ಎರಡೂ ಊರಿನವರು ಬಂದು ಕೇಳಿ ಹೋಗುತ್ತಿದ್ದರು. ಅವನಿಗೆ ಊಟ ಸೇರುತ್ತಿರಲಿಲ್ಲ. ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಈ ಕತೆ ಹೇಳಿದರು.

ಉತ್ತರದಲ್ಲಿ ಒಂದು ಹಿಮದ ನಾಡು. ಬೇಸಿಗೆಯಲ್ಲೂ ಅಲ್ಲಿ ನೆಲದೊಳಗಿನ ಮಂಜುಗಡ್ಡೆ ಕರಗುವುದಿಲ್ಲ. ಆ ನೆಲದಾಳದಲ್ಲಿ ಗ್ಯಾಸ್ ಸಿಕ್ಕಿತು. ಬಹು ದೂರ ದಕ್ಷಿಣಕ್ಕೆ ಒಂದು ಪಟ್ಟಣವಿತ್ತು. ಅಲ್ಲಿಯ ಜನ ಸೌದೆ ಸಾಲದೆ ಮೇಜು ಕುರ್ಚಿಗಳನ್ನು ಒಡೆದು ಒಲೆಗೆ ಹಾಕುತ್ತಿದ್ದರು. ಗ್ಯಾಸನ್ನು ಕೊಳವೆಯಲ್ಲಿ ಅವರಿಗೆ ಮುಟ್ಟಿಸಬೇಕಿತ್ತು. ಕೊಳವೆಯ ದಾರಿ ಗೊತ್ತುಮಾಡುವ ಕೆಲಸ ಒಬ್ಬ ಎಂಜಿನಿಯರನ ಪಾಲಿಗೆ ಬಂತು.

ಅವನು ಒಳ್ಳೆಯ ಮನುಷ್ಯ. ಮೊದಲು ಪಶ್ಚಿಮದ ಕಣಿವೆಯನ್ನು ಆರಿಸಿ ಕೆಂಪು ಕಂಬ ನೆಡಿಸಿದ. ಅಲ್ಲಿ ಹಿಮಸಾರಂಗಗಳನ್ನು ಸಾಕಿ ಬದುಕುವ ಜನರಿದ್ದರು. ಕಂಬ ನೆಟ್ಟ ಕಣಿವೆಯನ್ನು ಬಿಟ್ಟು ಹೋಗಬೇಕೆಂಬುದು ಸರ್ಕಾರದ ಆಜ್ಞೆ. ಅವರು ಗುಡಾರ ಬಿಚ್ಚಿ, ಹಿರಿಯರ ಸಮಾಧಿಗಳ ಮುಂದೆ ಅತ್ತು, ನಡುವಿನ ಕಣಿವೆಗೆ ಹೋದರು. ಆ ಅಳು ಅವನ ಕಿವಿಯಲ್ಲೇ ಉಳಿಯಿತು. ತಾನು ಆತುರಪಟ್ಟೆನೇನೋ ಅನ್ನಿಸಿತು. ಪಶ್ಚಿಮದ ಕಂಬಗಳನ್ನು ಕೀಳಿಸಿ ನಡುವಿನ ಕಣಿವೆಯಲ್ಲಿ ನೆಡಿಸಿದ. ಜನ ಅಲ್ಲಿಂದಲೂ ಎದ್ದು ಪೂರ್ವಕ್ಕೆ ಹೋದರು. ನಡುವಿನ ಕಣಿವೆ ಸಾರಂಗಗಳು ಮರಿ ಹಾಕುವ ಜಾಗವೆಂದು ಆಮೇಲೆ ತಿಳಿಯಿತು. ಅವನಿಗೆ ಮತ್ತೆ ತಳಮಳ ಹತ್ತಿತು. ಪೂರ್ವವನ್ನು ಅಳೆಯಲು ಹೊರಟ. ಅಲ್ಲಿಯ ನೆಲ ಮೆತ್ತಗೆ, ಕೊಳವೆಯ ಬಿಸಿಗೆ ಕರಗಿ ಕುಸಿಯುವಂಥದು. ಅಲ್ಲಿ ದಾರಿಯೇ ಇರಲಿಲ್ಲ. ಆದರೂ ಮತ್ತೊಮ್ಮೆ ಅಳೆದು ನೋಡೋಣವೆಂದು ಕಂಬ ನೆಡಿಸಿದ.

ಹೀಗೆ ಚಳಿಗಾಲಗಳು ಕಳೆದವು; ಕಂಬ ಬಂದ ಕಡೆಯಿಂದ ಜನ ಏಳುತ್ತಲೇ ಇದ್ದರು. ಅವನು ನಕ್ಷೆ ಬರೆಯುವುದು, ಅಳಿಸುವುದು, ಗುಡಾರದಿಂದ ಹೊರಗೆ ಬಂದು ಗಾಳಿಯಲ್ಲಿ ನಿಲ್ಲುವುದು, ಮತ್ತೆ ಒಳಗೆ ಹೋಗುವುದು. ಪಟ್ಟಣದಿಂದ ಬರುವ ಸುದ್ದಿಯನ್ನು ಕೇಳಲು ಅವನಿಗೆ ಧೈರ್ಯವಿರಲಿಲ್ಲ.

ಒಂದು ಮಧ್ಯಾಹ್ನ ಸಾರಂಗ ಸಾಕುವವರ ಮುದುಕಿಯೊಬ್ಬಳು ಅವನ ಗುಡಾರಕ್ಕೆ ಬಂದಳು. ಕೂತುಕೊಳ್ಳೆಂದರೂ ಕೂರಲಿಲ್ಲ.

"ಈ ವರ್ಷ ಎಲ್ಲಿಗೆ ಹೋಗೋಣ, ಹೇಳು" ಎಂದಳು.

"ತಾಯಿ, ನಿಮಗೆ ನೋವಾಗದ ಜಾಗವನ್ನೇ ಹುಡುಕುತ್ತಿದ್ದೇನೆ" ಎಂದ ಅವನು.

"ನಡುವಿನ ಕಣಿವೆ ಬಿಟ್ಟು ಬರುವಾಗ ನನ್ನ ಸೊಸೆ ದಾರಿಯಲ್ಲೇ ಹೆತ್ತಳು. ಹಿಮದಲ್ಲಿ ಮಗು ಉಳಿಯಲಿಲ್ಲ. ಆ ಕಣಿವೆಗೆ ಇನ್ನೂ ನಿನ್ನ ಕೊಳವೆ ಬಂದಿಲ್ಲ. ಹಾಗಾದರೆ ನಾವು ಎದ್ದದ್ದು ಯಾತಕ್ಕೆ ಎಂದು ಅವಳು ಕೇಳುತ್ತಾಳೆ. ನಾನು ಏನು ಹೇಳಲಿ?"

ಅಷ್ಟು ಕೇಳಿ ಮುದುಕಿ ಹೊರಟುಹೋದಳು.

ಮರುದಿನ ಬೆಳಿಗ್ಗೆ ಅವನು ಒಬ್ಬನೇ ನಡೆದು ಅವರ ಬಿಡಾರಕ್ಕೆ ಹೋದ. ಎಲ್ಲರೂ ಸೇರಿದ ಮೇಲೆ ಹೇಳಿದ: ಕೊಳವೆ ಪಶ್ಚಿಮದ ಕಣಿವೆಯಲ್ಲೇ ಹೋಗುತ್ತದೆ, ಸಮಾಧಿಗಳನ್ನು ಸುತ್ತಿಕೊಂಡು ಹೋಗುತ್ತದೆ, ಆದರೆ ಕಣಿವೆ ನಿಮಗೆ ತಿರುಗಿ ಸಿಗುವುದಿಲ್ಲ, ನಡುವಿನ ಕಣಿವೆಗೂ ಪೂರ್ವಕ್ಕೂ ಇನ್ನು ಯಾರೂ ಕಂಬ ತರುವುದಿಲ್ಲ. ಒಬ್ಬ ಗಂಡಸು ಎದ್ದು ಅವನ ಮುಖಕ್ಕೆ ಉಗಿದ. ಅವನು ಒರೆಸಿಕೊಳ್ಳಲಿಲ್ಲ. ಸೊಸೆ ಗುಡಾರದೊಳಗಿಂದ ಹೊರಗೆ ಬರಲೇ ಇಲ್ಲ. ಮುದುಕಿ ಮಾತ್ರ, "ನಡುವಿನ ಕಣಿವೆಗೇ ಹೋಗೋಣ" ಎಂದು ಸಾಮಾನು ಕಟ್ಟತೊಡಗಿದಳು. ಅವನ ಕಡೆ ತಿರುಗಿ ನೋಡಲಿಲ್ಲ.

ಕೊಳವೆ ಬಂತು. ಪಟ್ಟಣದಲ್ಲಿ ಒಲೆಗಳು ಉರಿದವು. ಮುಂದಿನ ವಸಂತದಲ್ಲಿ ನಡುವಿನ ಕಣಿವೆಯಲ್ಲಿ ಸಾರಂಗಗಳು ಮರಿ ಹಾಕಿದವು. ಪಶ್ಚಿಮದ ಕಣಿವೆಯಲ್ಲಿ ಗುಡಾರ ಏಳಲಿಲ್ಲ.

ಗುರುಗಳು ಅಷ್ಟಕ್ಕೆ ನಿಲ್ಲಿಸಿದರು. ಅಡವೀಶ ತಡೆಯಲಾರದೆ ಕೇಳಿದ:

"ಆಮೇಲಾದರೂ ಆ ಎಂಜಿನಿಯರನಿಗೆ ನೆಮ್ಮದಿ ಸಿಕ್ಕಿತೇ?"

"ಅವನ ನೆಮ್ಮದಿಗಾಗಿಯೇ ಅಲ್ಲವೇ ಅಷ್ಟು ವರ್ಷ ಆ ಜನ ಅಲೆದದ್ದು?" ಎಂದರು ಗುರುಗಳು.