ಬಚ್ಚಲವ್ವನ ಗುಡಿ

ಮಟ್ಟಿಗೊಂಡನಹಳ್ಳಿಯ ಕೆಳಗೇರಿ ದಾಟಿ ಬಾಳೆಯ ತೋಪಿನತ್ತ ಇಳಿದರೆ, ಆಳೆತ್ತರವೂ ಇಲ್ಲದ ಒಂದು ಕಲ್ಲುಗುಡಿ ಸಿಗುತ್ತದೆ. ಗೋಪುರವಿಲ್ಲ, ಗಂಟೆಯಿಲ್ಲ. ಪಕ್ಕದಲ್ಲೇ ಕಲ್ಲು ಕಟ್ಟಿದ ಚರಂಡಿಯೊಂದು ಊರಿನ ನೀರನ್ನೆಲ್ಲ ಹೊತ್ತು ತೋಪಿಗೆ ಸಾಗುತ್ತದೆ. ಮನೆ ಮನೆಗೆ ನಲ್ಲಿ ಹಾಕಿಸುವ ಸರ್ಕಾರದ ಯೋಜನೆಗೆ ಅಳತೆ ಮಾಡಲು ಬಂದ ಎಂಜಿನಿಯರುಗಳು ಹೆಸರು ಕೇಳಿ ನಕ್ಕರಂತೆ. ಊರೂರಲ್ಲೂ ಮಾರವ್ವ ಇದ್ದಾಳೆ, ದುರುಗವ್ವ ಇದ್ದಾಳೆ. ಬಚ್ಚಲವ್ವ ಎಂಬ ದೇವತೆಯನ್ನು ಅವರು ಎಲ್ಲೂ ಕಂಡಿರಲಿಲ್ಲ. ಊರಿನವರು ಅದಕ್ಕೆ ಬೇಸರಪಟ್ಟುಕೊಳ್ಳಲಿಲ್ಲ. ಕಟ್ಟೆಯ ಮೇಲೆ ಕೂರಿಸಿ, ಮಜ್ಜಿಗೆ ಕೊಟ್ಟು, ಕಥೆ ಹೇಳಿದರು.

ಹಿಂದೆ ಒಮ್ಮೆ, ಈ ಸೀಮೆಯನ್ನು ಸಿರುಮಪ್ಪ ನಾಯಕನೆಂಬ ಪಾಳೆಯಗಾರ ಆಳುತ್ತಿದ್ದ ಕಾಲದಲ್ಲಿ, ಕೆಳಗೇರಿಯ ಕೊನೆಯ ಮನೆಯಲ್ಲಿ ಕಾಟವ್ವ ಎಂಬ ಹೆಂಗಸಿದ್ದಳು. ಗಟ್ಟಿ ಬಾಯಿ, ಅದಕ್ಕಿಂತ ಗಟ್ಟಿ ರಟ್ಟೆ. ಹೆಸರಿಗೆ ತಕ್ಕ ಕಾಟ ಎಂದು ಗಂಡನೇ ಹೇಳುತ್ತಿದ್ದನಂತೆ. ಆಗ ಊರಿಗೆ ಕುಡಿಯುವ ನೀರೆಂದರೆ ಗುಡ್ಡದ ಮೇಲಿನ ಚಿಲುಮೆಯೊಂದೇ. ಹೆಂಗಸರ ಕತ್ತು ಕೊಡ ಹೊತ್ತೇ ಸೊರಗುತ್ತಿತ್ತು. ಊರಗೌಡ ಪಾಲಯ್ಯ ಹಿರಿಯರನ್ನು ಕರೆದುಕೊಂಡು ಕೋಟೆಗೆ ಹೋಗಿ ಅರಿಕೆ ಮಾಡಿಕೊಂಡ. ನಾಯಕ ಅಪ್ಪಣೆ ಕೊಟ್ಟ, ಭಂಡಾರದಿಂದ ಹಣ ಕೊಟ್ಟ, ಕೆಲಸ ನೋಡಲು ಒಬ್ಬ ಪಾರುಪತ್ತೇಗಾರನನ್ನೂ ಕೊಟ್ಟ. ಕುಂಬಾರರು ಸುಟ್ಟ ಮಣ್ಣಿನ ಕೊಳವೆಗಳು ಸಾಲಾಗಿ ನೆಲದಡಿ ಮಲಗಿದವು. ಒಂದು ಬೆಳಿಗ್ಗೆ ಮೇಲಗೇರಿಯ ತೊಟ್ಟಿಗೆ ನೀರು ದುಮುಕಿದಾಗ ಕಾಟವ್ವನೂ ಎಲ್ಲರ ಜೊತೆ ಕುಣಿದಳು. ಆಗತಾನೇ ಹೆಜ್ಜೆ ಇಡಲು ಕಲಿತಿದ್ದ ಮೊಮ್ಮಗ ಸೂರನನ್ನು ತೊಟ್ಟಿಯ ಧಾರೆಗೆ ಹಿಡಿದು, ಅವನು ಕಿರುಚಿದಷ್ಟೂ ನಕ್ಕಳು.

ನೀರು ಸಮೃದ್ಧಿಯಾದ ಮೇಲೆ ಬಳಕೆಯೂ ಸಮೃದ್ಧಿಯಾಯಿತು. ಮೇಲಗೇರಿಯವರು ಎಮ್ಮೆ ತೊಳೆದರು, ಕಂಬಳಿ ಒಗೆದರು, ದಿನವೂ ತಲೆಗೆ ನೀರು ಹಾಕಿಕೊಂಡರು. ಆ ನೀರೆಲ್ಲ ಇಳಿಜಾರು ಹಿಡಿದು ಕೆಳಗೇರಿಗೆ ಬಂದು ಕಾಟವ್ವನ ಅಂಗಳದಲ್ಲಿ ನಿಂತಿತು. ಅಂಗಳ ಕೊಚ್ಚೆಯಾಯಿತು, ಆ ಕೊಚ್ಚೆ, ಪಾತ್ರೆಪಡಗ ತೊಳೆಯಲು ಬಳಸುವ ಪಕ್ಕದ ಸವಳು ಬಾವಿಗೆ ಜಿನುಗಿತು. ಅವಳು ಪಾರುಪತ್ತೇಗಾರನ ಬಳಿ ಹೋಗಿ, ಬಚ್ಚಲ ನೀರಿಗೊಂದು ದಾರಿ ಮಾಡಿಸಿ ಎಂದು ದೂರು ಹೇಳಿದಳು.

“ನೀರು ತರೋದಕ್ಕೆ ಅಪ್ಪಣೆಯಾಗಿದೆ ಕಣವ್ವ, ಕಳಿಸೋದಕ್ಕೆ ಆಗಿಲ್ಲ. ಅದು ತಾನೇ ಹರಿದು ಹೋಗುತ್ತೆ ಬಿಡು” ಎಂದ ಅವನು.

“ಹೋಗ್ತೈತೆ ಸ್ವಾಮಿ. ನಮ್ಮ ಮನೆಗೇ ಹೋಗ್ತೈತೆ” ಎಂದಳು ಕಾಟವ್ವ.

ಆ ಮಳೆಗಾಲದಲ್ಲಿ ಕೆಳಗೇರಿಗೆ ವಾಂತಿಭೇದಿ ಹೊಕ್ಕಿತು. ಸೂರ ಅಜ್ಜಿಯ ಮಡಿಲಲ್ಲೇ ಕಣ್ಣು ಮುಚ್ಚಿದ. ಕಾಟವ್ವ ಅಳಲಿಲ್ಲ. ಊರಿಗೆ ಅದೇ ಹೆಚ್ಚು ಹೆದರಿಕೆ ತಂದಿತು ಎನ್ನುತ್ತಾರೆ. ಮಗುವನ್ನು ಮಣ್ಣು ಮಾಡಿ ಬಂದವಳು ಹಳೆಯ ಕಂಬಳಿಯೊಂದನ್ನು ಹೆಗಲಿಗೆ ಹಾಕಿಕೊಂಡು ಗುಡ್ಡ ಹತ್ತಿದಳು. ಕೊಳವೆಯ ಬಾಯಿಗೆ ಕಂಬಳಿ ತುರುಕಿ, ಜೇಡಿಮಣ್ಣು ಮೆತ್ತಿ, ಅದರ ಮುಂದೆ ಕೂತಳು. ಕೆಳಗೇರಿಯ ಹೆಂಗಸರು ಸರದಿಯಂತೆ ಬಂದು ಅವಳ ಜೊತೆ ಕೂತರು. ತೊಟ್ಟಿ ಒಣಗಿತು. ಎಲ್ಲರೂ ಮೊದಲಿನಂತೆ ಕೊಡ ಹೊತ್ತು ಗುಡ್ಡ ಹತ್ತಬೇಕಾಯಿತು. ಮೇಲಗೇರಿಯವರು ಹತ್ತುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಅವಳನ್ನು ಬೈದರು. “ಬಚ್ಚಲು ಬಚ್ಚಲು ಅಂತ ಬಾಯಿ ಬಡ್ಕೊಂಡು ಊರಿನ ನೀರಿಗೇ ಕಲ್ಲು ಹಾಕಿದಳು, ಬಚ್ಚಲವ್ವ!” ಎಂದು ಯಾರೋ ಅಂದರು. ಬೈಗುಳ ಬಾಯಿಂದ ಬಾಯಿಗೆ ಹರಿದು ಹೆಸರೇ ಆಗಿಬಿಟ್ಟಿತು.

ದೂರು ಕೋಟೆ ಮುಟ್ಟಿ ನಾಯಕ ತಾನೇ ಕುದುರೆಯೇರಿ ಬಂದ. ಕಾಟವ್ವ ಕೈಮುಗಿದು ಎದ್ದು ನಿಂತಳು.

“ಬುದ್ಧಿ, ತವರಿಂದ ಮಗಳನ್ನ ಕಳಿಸಿದಂಗೆ ನಮ್ಮೂರಿಗೆ ನೀರು ಕಳಿಸಿದ್ರಿ. ಬಂದ ಹೆಣ್ಣಿಗೆ ಹೋಗೋ ದಾರಿ ತೋರಿಸಲಿಲ್ಲ. ನಿಂತಲ್ಲೇ ನಿಂತು ಕೊಳೀತು. ನನ್ನ ಕೂಸನ್ನ ತಿಂತು.”

ನಾಯಕ ಕುದುರೆಯಿಂದಿಳಿದು ಕೆಳಗೇರಿಯ ತುದಿಯವರೆಗೂ ನಡೆದ. ಕೆಸರಲ್ಲಿ ಜೋಡು ಹೂತು ಕಳಚಿಕೊಂಡಿತು. ಬರಿಗಾಲಲ್ಲೇ ಮುಂದೆ ಹೋದ. ಮರಳಿ ಬಂದು ಚರಂಡಿಗೆ ಅಪ್ಪಣೆ ಕೊಟ್ಟ. ಆದರೆ ಭಂಡಾರದಲ್ಲಿ ಇದ್ದದ್ದು ಅರ್ಧ ಕೆಲಸಕ್ಕೆ ಮಾತ್ರ. ಕಲ್ಲೂ ಕಲ್ಲುಕುಟಿಗರೂ ಕೋಟೆಯಿಂದ ಬರಲಿ, ಅಗೆತ ಊರಿನದಾಗಲಿ, ಎರಡೂ ಕೇರಿ ಕೂಡಿ ಮಾಡಲಿ ಎಂದು ಹೇಳಿ ಹೊರಟುಹೋದ.

ಕಲ್ಲು ಬಂದು ಬಿತ್ತು. ಮೇಲಗೇರಿಯವರು ಅಲುಗಲಿಲ್ಲ. “ಅವರ ಅಂಗಳದ ಕೆಸರಿಗೆ ನಾವ್ಯಾಕೆ ಗುದ್ದಲಿ ಹಿಡೀಬೇಕು?” ಎಂದ ಗೌಡ ಪಾಲಯ್ಯ. ಕಾಟವ್ವ ಗುಡ್ಡದಿಂದ ಇಳಿಯಲಿಲ್ಲ.

ಸುಗ್ಗಿ ಬಂತು. ಒಂದು ಮಟಮಟ ಮಧ್ಯಾಹ್ನ, ಮೇಲಗೇರಿಯ ಹೆಂಗಸರೆಲ್ಲ ದೂರದ ಹೊಲಗಳಲ್ಲಿದ್ದಾಗ, ಗೌಡನೇ ತಾಮ್ರದ ಕೊಡ ಹೆಗಲ ಮೇಲಿಟ್ಟುಕೊಂಡು ಏದುಸಿರು ಬಿಡುತ್ತ ಗುಡ್ಡ ಹತ್ತಿ ಬಂದ. ಹುಟ್ಟಿದಾರಭ್ಯ ಕೊಡ ಹೊತ್ತವನಲ್ಲ. ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳು ಬೆಳಗಿನಿಂದ ನೋಯುತ್ತಿದ್ದಳು, ಮನೆಯಲ್ಲಿ ಹನಿ ನೀರಿರಲಿಲ್ಲ. ಆ ಸುದ್ದಿ ಬೆಳಿಗ್ಗೆಯೇ ಗುಡ್ಡ ಮುಟ್ಟಿತ್ತು. ಕಾಟವ್ವ ಕೂತಲ್ಲಿಂದಲೇ ನೋಡುತ್ತಿದ್ದಳು. ಅವನು ಕೊಡ ತುಂಬಿ ಎತ್ತಿದ, ಹತ್ತು ಮಾರು ಇಳಿದ, ಎಡವಿದ. ಕೊಡ ಗಣಗಣ ಸದ್ದು ಮಾಡುತ್ತ ಉರುಳಿಹೋಯಿತು. ಗೌಡ ಅಲ್ಲೇ ಕೂತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ.

ಕಾಟವ್ವ ಎದ್ದಳು. ಜೊತೆಗಿದ್ದ ಹೆಂಗಸು ಸೆರಗು ಹಿಡಿದು, “ಈಗ ಬಿಟ್ರೆ ಮುಗೀತು ಕಣಕ್ಕ, ಆಮೇಲೆ ಯಾರು ಅಗೀತಾರೆ?” ಎಂದಳು. ಅದು ಕಾಟವ್ವನಿಗೂ ಗೊತ್ತಿತ್ತು. “ಅಲ್ಲೂ ಒಂದು ಕೂಸೇ ಅಲ್ಲವೇನೇ” ಎಂದು ಸೆರಗು ಬಿಡಿಸಿಕೊಂಡು, ಮಣ್ಣು ಕೆದರಿ ಕಂಬಳಿ ಕಿತ್ತಳು. ಕೊಳವೆಯೊಳಗೆ ನೀರು ಗುಡುಗುಡು ಎಂದು ನುಗ್ಗಿತು.

“ಏಳ್ರಿ ಗೌಡ್ರೆ, ನಿಮಗಿಂತ ಮುಂಚೆ ಅದು ಮನೆ ಸೇರ್ತೈತೆ” ಎನ್ನುತ್ತ ಅವನನ್ನು ದಾಟಿ ತಾನೇ ಮುಂದಾಗಿ ಇಳಿದಳು.

ಇಳಿಹೊತ್ತಿಗೆ ಗೌಡನ ಮನೆಯಲ್ಲಿ ಹೆಣ್ಣುಮಗು ಅತ್ತಿತು. ಕಾಟವ್ವ ಕಾಲು ಚಾಚಿ ಕೂತು, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ಎರೆದಳು. ಎರೆಯುತ್ತಲೇ ಅವಳ ಕಣ್ಣು ಹರಿಯಿತು. ಸೂರನಿಗಾಗಿ ಅವಳು ಅತ್ತದ್ದು ಅಂದೇ ಎನ್ನುತ್ತಾರೆ. ಹೊರಗೆ ಜಗಲಿಯಲ್ಲಿದ್ದ ಪಾಲಯ್ಯ, ಬಚ್ಚಲಿಂದ ಹೊರಬಿದ್ದ ಆ ನೀರು ಬೀದಿಗಿಳಿದದ್ದನ್ನು ಕಂಡ. ಏನೆನ್ನಿಸಿತೋ, ಅದರ ಹಿಂದೆಯೇ ನಡೆದ. ನೀರು ಕೆಳಗೇರಿ ಹೊಕ್ಕು, ಕಾಟವ್ವನ ಹೊಸ್ತಿಲ ಮುಂದೆ ನಿಂತಿತು. ಅವನೂ ನಿಂತ. ಮಾರನೆಯ ಬೆಳಿಗ್ಗೆ ಮೊದಲ ಗುದ್ದಲಿ ಬಿದ್ದದ್ದು ಅಲ್ಲೇ. ಅಗೆಯುತ್ತಿದ್ದವನು ಗೌಡನೆಂದು ತಿಳಿದ ಮೇಲೆ ಮೇಲಗೇರಿಯಲ್ಲಿ ಯಾರ ಕೈಯೂ ಸುಮ್ಮನಿರಲಿಲ್ಲ.

ಕಾಟವ್ವ ತೀರಿಕೊಂಡ ಮೇಲೆ ಚರಂಡಿ ಮುಗಿಯುವಲ್ಲಿ ಈ ಗುಡಿ ಕಟ್ಟಿಸಿದ್ದು, ಅಂದು ಅವಳ ಕಾಲ ಮೇಲೆ ಮಿಂದ ಹೆಣ್ಣುಮಗುವೇ. ಗುಡಿಗೆ ಹೆಸರಿಡುವಾಗ ಹಿರಿಯರು ಕಾಟಾಂಬಿಕೆ ಎಂದರಂತೆ, ಹೆಂಗಸರು ಒಪ್ಪಲಿಲ್ಲ. ಅವಳನ್ನು ಕರೆದು ರೂಢಿಯಾಗಿದ್ದ ಹೆಸರು ಬಚ್ಚಲವ್ವ ಒಂದೇ.

ಇಂದು ಹೋದವರಿಗೆ ಗುಡಿಯೊಳಗೆ ಕಾಣುವುದು ಕಾಲು ಚಾಚಿ ಕೂತ ಹೆಂಗಸಿನ ಒಂದು ಮೊಂಡು ಕಲ್ಲು. ಎಣ್ಣೆ ಹಚ್ಚಿ ಹಚ್ಚಿ ಮುಖ ಸವೆದಿದೆ. ಬಾಣಂತಿಯರು ಮಗುವನ್ನು ತಂದು ಒಂದು ಗಳಿಗೆ ಆ ಕಾಲ ಮೇಲೆ ಮಲಗಿಸುತ್ತಾರೆ. ಊರೊಳಗೆ ಸಂಜೆ ಹೊತ್ತು ನಡೆದು ಬಂದರೆ ಇನ್ನೊಂದನ್ನು ಕೇಳಬಹುದು. ಎರಡೂ ಕೇರಿಗಳಲ್ಲಿ ಯಾವ ಮನೆಯವರೂ ಅನ್ನ ಬಸಿದ ಬಿಸಿ ಗಂಜಿಯನ್ನು ಬಚ್ಚಲಿಗೆ ಹಾಗೇ ಸುರಿಯುವುದಿಲ್ಲ. ಪಾತ್ರೆ ಬಗ್ಗಿಸುವ ಮೊದಲು ಒಂದು ಕ್ಷಣ ತಡೆದು, “ಸರ್ಕೊಳವ್ವಾ, ಸುಟ್ಟೀತು” ಎನ್ನುತ್ತಾರೆ.