ಬರಲಿರುವ ಕೊರತೆಗೆ ಹೆಸರಿಟ್ಟವನು

“ಹೊನ್ನಗಿರಿಯ ಮಹಾಜನಗಳೇ, ಕೇಳಿ! ರಾಜಕುಮಾರಿ ಮುದ್ದಾಜಮ್ಮಣ್ಣಿಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನು ಧಾರೆಯೆರೆದು ಕೊಡಲಾಗುವುದು. ಸೋತವನ ತಲೆ ಅಮಾವಾಸ್ಯೆಗೆ ಹೋಗುವುದು!”

ಹೀಗೆಂದು ಡಂಗುರ ಸಾರಿದರು. ಒಗಟು ಮಗಳವು; ತಲೆ ತೆಗೆಯುವ ಶರತ್ತು ಅಪ್ಪನ ಸೇರ್ಪಡೆ. ನಮ್ಮ ಮಹಾರಾಜನಿಗೆ ಎಲ್ಲವೂ ಭರ್ಜರಿಯಾಗಿಯೇ ಆಗಬೇಕು. ಆ ವರ್ಷವಂತೂ ಗಾಜಿನ ಅರಮನೆಯೊಂದನ್ನು ಕಟ್ಟಿಸುತ್ತಿದ್ದ.

ಆ ಊರಿನಲ್ಲಿ ಕೆಟ್ಟದ್ದನ್ನು ಯಾರೂ ಮುಂಚಿತವಾಗಿ ಆಡುತ್ತಿರಲಿಲ್ಲ. ಆಡಿದರೆ ಅಸ್ತು ದೇವತೆಗಳು ‘ಅಸ್ತು’ ಅಂದುಬಿಟ್ಟಾರು ಎಂಬ ಭಯ.

ಸಭೆ ಸೇರಿತು. ರಾಜಕುಮಾರಿ ಹೇಳಿದಳು: “ನನಗೆ ಪಾಠ ಹೇಳುವ ದೊರೆಸಾನಿ ಇಂಗ್ಲಿಷಿನವರು. ಅವರ ಜನ ಒಂದು ತೂತಿನ ಮಾತಾಡುತ್ತಾರೆ. ಅದನ್ನು ಯಾರೂ ಕೊರೆದಿಲ್ಲ, ಅದಿನ್ನೂ ಬಿದ್ದೂ ಇಲ್ಲ. ಆದರೂ ಅದರ ಅಳತೆ ಈಗಲೇ ಗೊತ್ತು. ಏನದು?”

“ಹೆಗ್ಗಣದ ಬಿಲ!” ಎಂದ ನೆರೆನಾಡಿನ ಯುವರಾಜ. ಸೆರೆಮನೆಗೆ ನಡೆದ. “ಸೂರ್ಯಗ್ರಹಣ!” ಎಂದ ದಂಡನಾಯಕನ ಮಗ. ಅವನೂ ನಡೆದ. ಆಸ್ಥಾನದ ಪಂಡಿತನಿಗೆ ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಮಹಾರಾಜನ ಮುಖ ನೋಡಿದ. ಸೆರೆಮನೆಯೇ ವಾಸಿ ಎಂದುಕೊಂಡು ತಾನಾಗಿಯೇ ಹೊರಟ, ಪಾಪ.

ಆಗ ಅರಮನೆಯ ಪಂಕ್ತಿಯಲ್ಲಿ ಅನ್ನ ಬಡಿಸುವ ಚೆಲುವಯ್ಯ ಮುಂದೆ ಬಂದ.

“ಅಮ್ಮಣ್ಣಿಯವರೇ, ಅದು ಬೊಕ್ಕಸದ ತೂತು. ಮುಂದಿನ ವರ್ಷ ಬರೋದಕ್ಕಿಂತ ಹೋಗೋದು ಹೆಚ್ಚು ಅಂತ ಅವರು ಈಗಲೇ ಹೇಳ್ಕೋತಾರೆ.”

“ಸರಿ. ಆಮೇಲೆ ಅವರು, ಖರ್ಚು ಕಡಿಮೆ ಮಾಡೋಣ, ಎಲ್ಲರೂ ನಡುಪಟ್ಟಿ ಬಿಗಿಮಾಡೋಣ ಅನ್ನುತ್ತಾರೆ. ಹೇಳಿದವರ ಹೊಟ್ಟೆ ಮಾತ್ರ ಕರಗುವುದಿಲ್ಲ. ಬಿಗಿಯುವುದು ಯಾರ ನಡು?”

“ಕೊನೇ ಪಂಕ್ತೀಲಿ ಕೂತವರದು. ಅನ್ನ ಸಾಲದು ಅಂತ ಮೊದಲೇ ಕೂಗದಿದ್ರೆ ಬರೀ ಎಲೆ ಮುಂದೆ ಕೂರೋರು ಅವರೇ.”

ರಾಜಕುಮಾರಿಯ ದನಿ ಸಣ್ಣಗಾಯಿತು. “ಹೆಸರಿಟ್ಟು ಕರೆದರೆ ಕುಗ್ಗುತ್ತದೆ, ಕರೆಯದಿದ್ದರೆ ಕೊಬ್ಬುತ್ತದೆ. ಈ ಸಭೆಯಲ್ಲೇ ಇದೆ. ಏನದು?”

ಚೆಲುವಯ್ಯ ಕಣ್ಣು ಮುಚ್ಚಿಕೊಂಡ. “ನಮ್ಮದೇ ಕೊರತೆ, ಬುದ್ಧಿ. ಗಾಜಿನ ಅರಮನೆ ಏಳೋ ಹೊತ್ತಿಗೆ ನಮ್ಮ ಕಣಜ ಬರಿದಾಗುತ್ತೆ.”

“ಬಿಡ್ತು ಅನ್ನೋ!” ಮಹಾರಾಜ ಸಿಂಹಾಸನದಿಂದ ಎದ್ದೇಬಿಟ್ಟ. ಕೈ ಕತ್ತಿಯ ಹಿಡಿಗೆ ಹೋಯಿತು.

“ಬಿಡ್ತು ಅಂದೆ, ಮಹಾಸ್ವಾಮಿ. ಅಂದ್ರೂ ಅಕ್ಕಿ ಹೆಚ್ಚೋದಿಲ್ಲ.”

ರಾಜಕುಮಾರಿ ಓಡಿಬಂದು ಅಪ್ಪನ ಕೈ ಹಿಡಿದಳು. “ಅವನು ಮೂರನ್ನೂ ಬಿಡಿಸಿದ್ದಾನೆ, ಅಪ್ಪಾಜಿ. ಇದನ್ನು ನಾನೇ ಹೇಳಬೇಕಿತ್ತು. ನಿಮ್ಮ ಸಂತೋಷ ಕೆಡಿಸೋದಕ್ಕೆ ಮನಸ್ಸು ಬರಲಿಲ್ಲ. ಅದಕ್ಕೇ ಒಗಟು ಕಟ್ಟಿದೆ.”

ಮಹಾರಾಜ ಮಗಳ ಕಡೆ ತಿರುಗಿದ. “ನನ್ನ ಮಗಳಿಗೂ ನನ್ನ ಹತ್ತಿರ ನಿಜ ಹೇಳೋದು ಕಷ್ಟವಾಯ್ತೇ?” ಎಂದ. ದುಃಖ ಒತ್ತರಿಸಿ ಬಂತು. ಕತ್ತಿ ಬಿಚ್ಚಿ ಪಕ್ಕಕ್ಕಿಟ್ಟ.

ಗಾಜಿನ ಅರಮನೆಯ ಕೆಲಸ ಅಂದೇ ನಿಂತಿತು. ಸೆರೆಯಲ್ಲಿದ್ದವರು ತಲೆ ಮುಟ್ಟಿ ನೋಡಿಕೊಳ್ಳುತ್ತ ಹೊರಬಂದರು. ಚೆಲುವಯ್ಯನಿಗೂ ಮುದ್ದಾಜಮ್ಮಣ್ಣಿಗೂ ಮದುವೆಯಾಯಿತು. ಊರಿಗೆ ಊರೇ ಉಂಡಿತು. ಸಿಹಿ ಅಂತ ಮಾಡಿದ್ದು ಹೋಳಿಗೆ ಒಂದೇ. ಕೊನೇ ಪಂಕ್ತಿಯವರೆಗೂ ಸಾಲಿತು.