ಮಡಿವಾಳನ ಮಗಳ ಸಿಂಬಿ

"ಗುರುಗಳೇ, ಮಕ್ಕಳ ಕೆಟ್ಟ ಅಭ್ಯಾಸವನ್ನು ಒಂದೇ ಸಲಕ್ಕೆ ಬಿಡಿಸಬೇಕೋ, ನಿಧಾನವಾಗಿ ಬಿಡಿಸಬೇಕೋ?"

ಕೇಳಿದವನು ಪರ್ವತಯ್ಯ, ಮಠಕ್ಕೆ ಬಂದವರ ಕಷ್ಟಸುಖ ವಿಚಾರಿಸುವ ಶಿಷ್ಯ. ಗುರುಗಳಿಗೆ ವಯಸ್ಸಾಗಿತ್ತು. ಬೆಳಗಿನಿಂದ ಜನ ಬಂದು ಹೋಗಿ ಅವರಿಗೆ ಸಾಕಾಗಿತ್ತು. ಕಣ್ಣು ಮುಚ್ಚಿಕೊಂಡೇ, "ಯಾಕೆ ಕೇಳುತ್ತೀ?" ಎಂದರು.

"ಒಬ್ಬ ಹೆಂಗಸು ಮಗನನ್ನು ಹೆಗಲ ಮೇಲೆ ಹಾಕಿಕೊಂಡು ಬಂದಿದ್ದಾಳೆ. ತಾಯಿತ ಕಟ್ಟಿಕೊಡಿ ಎನ್ನುತ್ತಾಳೆ. ಆ ಹುಡುಗ ಒಂದು ಹರಕು ಅಂಗಿ ಹಿಡಿದುಕೊಳ್ಳದೆ ಮಲಗುವುದಿಲ್ಲವಂತೆ. ದೊಡ್ಡವರ ಅಂಗಿ. ಯಾವ ಬಣ್ಣವೆಂದು ಗೊತ್ತಾಗುವುದಿಲ್ಲ, ಅಷ್ಟು ಕೊಳೆ. ಅದರ ತುದಿಯನ್ನು ಚೀಪುತ್ತಾನೆ. ಕಿತ್ತುಕೊಂಡರೆ ಊರು ಕೇರಿ ಒಂದು ಮಾಡುತ್ತಾನೆ. ಆಕೆಗೆ ನಿದ್ದೆಯಿಲ್ಲದೆ ಕಣ್ಣು ಗುಳಿಬಿದ್ದಿವೆ."

"ನೀನು ಏನು ಹೇಳಿದೆ?"

"ತಾಯಿತ ಯಾಕಮ್ಮ, ಮನೆಗೆ ಹೋದವಳೇ ಅದನ್ನು ಒಲೆಗೆ ಹಾಕು, ನಾಲ್ಕು ದಿನ ಅತ್ತು ಸುಮ್ಮನಾಗುತ್ತಾನೆ ಎಂದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಆಕೆಯೂ ಆಗಲಿ ಎಂದಳು. ಪ್ರಸಾದ ಮುಗಿಸಿಕೊಂಡು ಹೊರಡುತ್ತಾಳೆ. ಹೇಳಿದ್ದು ಸರಿಯೋ ಇಲ್ಲವೋ ನಿಮ್ಮನ್ನು ಒಂದು ಮಾತು ಕೇಳೋಣವೆಂದು ಬಂದೆ."

ಗುರುಗಳು ಕಣ್ಣು ತೆರೆದು ದಾಸೋಹದ ಪಡಸಾಲೆಯ ಕಡೆ ನೋಡಿದರು. ಆ ಹೆಂಗಸು ಎಲೆಯ ಮುಂದೆ ಕಂಬಕ್ಕೆ ಒರಗಿ ಕೂತಿದ್ದಳು. ಅನ್ನ ಇನ್ನೂ ಬಡಿಸಿರಲಿಲ್ಲ. ಕೂತಲ್ಲೇ ತೂಕಡಿಸುತ್ತಿದ್ದಳು. ಮಗು ಅವಳ ತೊಡೆಯ ಮೇಲೆ ಅಂಗಿಯನ್ನು ಮುಖಕ್ಕೆ ಒತ್ತಿಕೊಂಡು ಮಲಗಿತ್ತು.

"ಮೊದಲು ಹೇಳಿ ಆಮೇಲೆ ಕೇಳಲು ಬಂದಿದ್ದೀಯ. ಇರಲಿ, ಕೂತುಕೋ. ಆಕೆ ಉಂಡು ಏಳುವವರೆಗೆ ಸಮಯವಿದೆ," ಎಂದು ಗುರುಗಳು ಕತೆಗೆ ತೊಡಗಿದರು.

ಒಂದು ಊರಿನಲ್ಲಿ ಒಬ್ಬ ಮಡಿವಾಳನಿದ್ದ. ಕೆಲಸದಲ್ಲಿ ಬಲು ಗಟ್ಟಿಗ. ಅವನು ಒಗೆದ ಬಟ್ಟೆಯಲ್ಲಿ ಕಲೆ ಹುಡುಕಲು ಹೋಗಿ ಸೋತವರೇ ಹೆಚ್ಚು. ಮದುವೆಯ ಮನೆಗೆ ಮಡಿ ಹಾಸುವವನೂ ಅವನೇ, ಸಾವಿನ ಮನೆಯ ಮೈಲಿಗೆ ಬಟ್ಟೆ ಹೊತ್ತು ಕೆರೆಗೆ ಹೋಗುವವನೂ ಅವನೇ. ಯಾರ ಮನೆಯಲ್ಲಿ ಜೀವ ಹೋದರೂ ಸತ್ತವರ ಹಾಸಿಗೆ, ಹೊದಿಕೆ, ಉಟ್ಟ ಬಟ್ಟೆ ಎಲ್ಲವನ್ನೂ ಅವನ ಕೈಗೆ ಹಾಕುತ್ತಿದ್ದರು. ಅವನು ಒಗೆದು ತಂದ ಮೇಲೆಯೇ ಆ ಮನೆಗೆ ಶುದ್ಧ.

ಒಂದು ಮಳೆಗಾಲದಲ್ಲಿ ಅವನ ಹೆಂಡತಿಯೇ ಜ್ವರ ಬಂದು ಸತ್ತಳು.

ಅವಳ ಬಟ್ಟೆಗಳನ್ನೂ ಅವನೇ ಒಗೆದ. ಬೇರೆ ಯಾರು ಒಗೆಯುತ್ತಾರೆ? ಸೀರೆ, ರವಿಕೆ, ಕೌದಿ, ಮಲಗುವಾಗ ತಲೆಗೆ ಇಡುತ್ತಿದ್ದ ಹಳೆಯ ಪಂಚೆಯ ಗಂಟು, ಒಂದನ್ನೂ ಬಿಡಲಿಲ್ಲ. ಊರಿನವರಿಗೆ ಹೇಗೆ ಒಗೆಯುತ್ತಿದ್ದನೋ ಹಾಗೆಯೇ ಒಗೆದ. ಅಳುತ್ತ ಒಗೆದನೋ ಏನೋ, ನೀರಿನಲ್ಲಿ ನಿಂತವನ ಕಣ್ಣೀರು ಯಾರಿಗೆ ಕಾಣುತ್ತದೆ?

ಒಂದು ಬಟ್ಟೆ ಮಾತ್ರ ಉಳಿಯಿತು. ಅದು ಅವಳ ಸಿಂಬಿ. ಬಟ್ಟೆಯ ಗಂಟು ಹೊರುವಾಗ ತಲೆಗೆ ಒತ್ತಬಾರದೆಂದು ಸುತ್ತಿ ಇಟ್ಟುಕೊಳ್ಳುತ್ತಿದ್ದ ತುಂಡು. ಅವನ ಮಗಳು, ಇನ್ನೂ ಮಾತು ನೆಟ್ಟಗೆ ಬಾರದ ಕೂಸು, ಅದನ್ನು ಎದೆಗೆ ಅವುಚಿಕೊಂಡು ಮಲಗಿದ್ದಳು. ಎಬ್ಬಿಸುವುದು ಬೇಡವೆಂದು ಬಿಟ್ಟ. ಆಮೇಲೆ ಕೇಳಿದರೆ ಕೊಡಲಿಲ್ಲ.

ಅಂದಿನಿಂದ ಸಿಂಬಿಯಿಲ್ಲದೆ ಆ ಕೂಸಿಗೆ ನಿದ್ದೆ ಬಾರದು. ಹಗಲೆಲ್ಲ ಆಡಿಕೊಂಡಿರುತ್ತಾಳೆ, ಅದನ್ನು ಬೇಕೆಂದು ಕೇಳುವುದಿಲ್ಲ. ದೀಪ ಹಚ್ಚುವ ಹೊತ್ತಾಯಿತೆಂದರೆ ಹುಡುಕಾಟ. ಸಿಕ್ಕಿತೆಂದರೆ ಮೂಗಿಗೆ ಒತ್ತಿಕೊಂಡು, ಒಂದು ಮೂಲೆಯನ್ನು ಬಾಯಲ್ಲಿಟ್ಟುಕೊಂಡು ಮಲಗುತ್ತಾಳೆ. ಸಿಗದಿದ್ದರೆ ಆ ದಿನ ಅಪ್ಪನಿಗೂ ನಿದ್ದೆಯಿಲ್ಲ. ಬೆಳಗಿನಿಂದ ನೀರಿನಲ್ಲಿ ನಿಂತು ಬಂಡೆಗೆ ಬಟ್ಟೆ ಬಡಿದು ಬಂದವನು. ಕೂತರೆ ಏಳಲಾಗುತ್ತಿರಲಿಲ್ಲ. ಆದರೂ ಎದ್ದು, ಮೂಲೆ ಮೂಲೆ ತಡಕಿ, ಹುಡುಕಿಕೊಡುತ್ತಿದ್ದ.

ಇದು ಊರಿಗೆ ತಿಳಿಯಿತು. ಊರಿಗೆ ತಿಳಿದ ಮೇಲೆ ಉಪದೇಶಕ್ಕೆ ಬರವೇ? ಪರ್ವತಯ್ಯ, ನೀನು ಆ ಊರಿನಲ್ಲಿದ್ದಿದ್ದರೆ ಅವನಿಗೆ ಇನ್ನೊಂದು ಉಪದೇಶ ಹೆಚ್ಚಾಗುತ್ತಿತ್ತು. ಒಬ್ಬಳು ಮುದುಕಿ ಬೇವಿನ ಸೊಪ್ಪು ಅರೆದು ಸವರು ಎಂದಳು. ಸವರಿದ. ಮಗು ಮುಖ ಸಿಂಡರಿಸಿತು, ಉಗುಳಿತು, ಮತ್ತೆ ಬಾಯಿಗೆ ಇಟ್ಟುಕೊಂಡಿತು. ಇನ್ನೊಬ್ಬ ಬಚ್ಚಿಡು ಎಂದ. ಬಚ್ಚಿಟ್ಟ. ಮಗು ಅತ್ತು ಅತ್ತು ಬಿಕ್ಕಳಿಕೆ ಹತ್ತಿದಾಗ ಅವನೇ ತೆಗೆದುಕೊಟ್ಟ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಕ್ಕರು.

ನಗು ಅವನಿಗೆ ತಟ್ಟಲಿಲ್ಲ. ತಟ್ಟಿದ್ದು ಬೇರೊಂದು ಮಾತು. ಒಂದು ದಿನ ಬಟ್ಟೆ ಕೊಡಲು ಸಾಹುಕಾರರ ಮನೆಗೆ ಹೋದಾಗ ಮಗಳೂ ಜೊತೆಗೆ ಹೋಗಿದ್ದಳು. ಸಿಂಬಿ ಅವಳ ಕೈಯಲ್ಲಿತ್ತು. ಸಾಹುಕಾರರ ಹೆಂಡತಿ ಅದನ್ನು ನೋಡಿ ಮೂಗು ಮುಚ್ಚಿಕೊಂಡಳು.

"ಊರಿನ ಕೊಳೆಯೆಲ್ಲ ತೊಳೀತೀಯ. ನಿನ್ ಮಗಳ ಕೈಯಲ್ಲಿರೋದು ನಿನಗೆ ಕಾಣ್ಲಿಲ್ವೇನಪ್ಪ?" ಎಂದಳು.

ಕೆಟ್ಟವಳಲ್ಲ ಆಕೆ. ಮಾತೂ ಸುಳ್ಳಲ್ಲ. ಅದಕ್ಕೇ ಅವನಿಗೆ ಅದು ಚುಚ್ಚಿತು. ಮನೆಗೆ ಬಂದು ಆ ಬಟ್ಟೆಯನ್ನು ಮೊದಲ ಸಲ ಕೆಲಸದವನ ಕಣ್ಣಿನಿಂದ ನೋಡಿದ. ಎಣ್ಣೆಯ ಜಿಡ್ಡು, ಬೆವರಿನ ಗೆರೆ, ಜೊಲ್ಲು, ಬೇವಿನ ಹಸಿರು. ಇಂಥದ್ದನ್ನು ಒಗೆಯದೆ ಇಷ್ಟು ದಿನ ಮನೆಯಲ್ಲಿಟ್ಟುಕೊಂಡೆನೇ ಎಂದು ನಾಚಿದ.

ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ನಾನು ಇದನ್ನು ಕಿತ್ತುಕೊಳ್ಳುವುದೂ ಬೇಡ, ಬಚ್ಚಿಡುವುದೂ ಬೇಡ. ಒಗೆದು ಕೊಡುತ್ತೇನೆ. ಮಗುವಿಗೆ ಬಟ್ಟೆ ಉಳಿಯುತ್ತದೆ, ನನಗೆ ಮಾನ ಉಳಿಯುತ್ತದೆ. ಇದರಲ್ಲಿ ಯಾರಿಗೆ ಏನು ನಷ್ಟ? ಹೀಗೆಂದುಕೊಂಡು, ಮಾರನೆಯ ದಿನ ಮಗಳು ಆಟದಲ್ಲಿದ್ದಾಗ ಸಿಂಬಿಯನ್ನು ಕೆರೆಗೆ ಒಯ್ದ.

ಅವನಿಗೆ ಪ್ರೀತಿ ತೋರಿಸಲು ಬೇರೆ ವಿದ್ಯೆ ಬಾರದು. ಬಂದದ್ದು ಒಗೆಯುವುದೊಂದೇ. ಮದುಮಗಳ ಸೀರೆಗೂ ಅಷ್ಟು ಜೋಪಾನ ಮಾಡಿದವನಲ್ಲ. ಕೊಳೆ ಬಿಡಿಸುವ ಸವುಳು ಮಣ್ಣಿನ ನೀರಿನಲ್ಲಿ ನೆನೆಸಿದ. ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿದ. ಹರಿದೀತೆಂದು ಬಂಡೆಗೆ ಬಡಿಯದೆ ಅಂಗೈಯಲ್ಲೇ ಉಜ್ಜಿದ. ಹಿಂಡಿ, ಕೊಡವಿ, ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ. ಒಣಗಿದಾಗ ಅದು ಮಲ್ಲಿಗೆಯ ಬಿಳುಪಾಗಿತ್ತು. ಅದನ್ನು ಮಡಿಸಿ, ಮನೆಗೆ ತಂದು, ಮಗಳ ಚಾಪೆಯ ಮೇಲಿಟ್ಟ. ಬಹಳ ದಿನಗಳ ಮೇಲೆ ಅವನ ಮುಖದಲ್ಲಿ ಒಂದು ಗೆಲುವು ಕಂಡಿತು.

ಸಂಜೆಯಾಯಿತು. ಮಗು ಬಂದು ಮಲಗಿತು. ಬಟ್ಟೆಯನ್ನು ಎತ್ತಿ ಮೂಗಿಗೆ ಒತ್ತಿಕೊಂಡಿತು. ತೆಗೆಯಿತು. ಮತ್ತೆ ಒತ್ತಿಕೊಂಡಿತು. ಎದ್ದು ಕೂತು ಸುತ್ತ ನೋಡಿತು.

"ಅಪ್ಪಾ, ನನ್ ಸಿಂಬಿ ಎಲ್ಲಿ?"

"ನಿನ್ ಕೈಯಾಗೇ ಐತಲ್ಲ ಕೂಸೇ."

"ಇದಲ್ಲ," ಎಂದಿತು ಮಗು.

ಸಿಂಬಿಯನ್ನು ಕೈಯಲ್ಲಿ ಹಿಡಿದುಕೊಂಡೇ ಅದು ಸಿಂಬಿಗಾಗಿ ಅತ್ತಿತು. ಚಾಪೆ ಎತ್ತಿ ನೋಡಿತು. ಒಲೆಯ ಸಂದಿ, ಬಾಗಿಲ ಹಿಂದೆ, ಕತ್ತೆ ಕಟ್ಟುವ ಜಾಗ, ಎಲ್ಲ ಕಡೆ ಹುಡುಕಿತು. ಹುಡುಕುವಾಗಲೂ ಆ ಬಿಳಿಯ ಬಟ್ಟೆ ಅದರ ಕೈಯಲ್ಲೇ ನೇತಾಡುತ್ತಿತ್ತು.

ಮಡಿವಾಳನಿಗೆ ಮೊದಲು ರೇಗಿತು. ಆಮೇಲೆ, ಏನಾಯಿತು ಇದಕ್ಕೆ ಎಂದು, ಬಟ್ಟೆಯನ್ನು ತೆಗೆದುಕೊಂಡು ತಾನೂ ಮೂಸಿ ನೋಡಿದ. ಬಿಸಿಲಿನ ವಾಸನೆ ಇತ್ತು. ಸವುಳಿನ ವಾಸನೆ ಇತ್ತು. ಹೆಂಡತಿಯ ತಲೆಯ ಹರಳೆಣ್ಣೆಯ ವಾಸನೆ ಇರಲಿಲ್ಲ. ಅದು ಅಷ್ಟು ದಿನ ಅದರಲ್ಲಿ ಇತ್ತೆಂಬುದು ಅವನಿಗೆ ಹೊಳೆದದ್ದು ಆಗಲೇ.

ಅವನು ಎದ್ದು ಪೆಟ್ಟಿಗೆ ತೆಗೆದ. ಅವಳ ಸೀರೆಗಳನ್ನು ಒಂದೊಂದಾಗಿ ಮೂಸಿದ. ಕೌದಿಯನ್ನು ಮೂಸಿದ. ಎಲ್ಲವೂ ಮಡಿಯಾಗಿದ್ದವು. ತಾನು ಎಷ್ಟು ಚೆನ್ನಾಗಿ ಒಗೆಯುತ್ತೇನೆಂದು ಅವನಿಗೆ ಅಂದು ಗೊತ್ತಾಯಿತು.

ಹರಳೆಣ್ಣೆಯ ಕುಡಿಕೆ ತಂದು ಬಟ್ಟೆಗೆ ಸವರಿದ. ಅದು ಎಣ್ಣೆ ಸವರಿದ ಬಟ್ಟೆಯಾಯಿತು, ಅಷ್ಟೇ. ಮಗು ಅದನ್ನು ಮೂಸಿ ಪಕ್ಕಕ್ಕೆ ಇಟ್ಟಿತು. ಕೊನೆಗೆ ಮಲಗಿತು. ಸಮಾಧಾನವಾಗಿ ಮಲಗಿದ್ದಲ್ಲ, ಸುಸ್ತಾಗಿ ಮಲಗಿತು. ಸಮಾಧಾನಕ್ಕೂ ಸುಸ್ತಿಗೂ ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ.

ಆಮೇಲೆ ಆ ಮಗು ಸಿಂಬಿಯನ್ನು ಕೇಳಲಿಲ್ಲ. ದೀಪ ಹಚ್ಚಿದೊಡನೆ ತಾನೇ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿತ್ತು. ಅಳುವಿಲ್ಲ, ಹಟವಿಲ್ಲ. ಅಪ್ಪ ಕರೆದರೆ ಓಗೊಡುತ್ತಿತ್ತು, ತಿರುಗುತ್ತಿರಲಿಲ್ಲ. ಊರಿನವರು ಮೆಚ್ಚಿಕೊಂಡರು. ನಾವು ಹೇಳಿರಲಿಲ್ಲವೇ, ಗಟ್ಟಿ ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ ಎಂದರು. ಅವನು ತಲೆಯಾಡಿಸಿದ. ಊರ ಬಾಯಿ ಮುಚ್ಚುವ ಶಕ್ತಿ ಅವನಿಗಿರಲಿಲ್ಲ. ಅವನ ಮನೆಯಲ್ಲಿ ಈಗ ಗದ್ದಲವೇ ಇರಲಿಲ್ಲ. ಆದರೂ ಅವನಿಗೆ ನಿದ್ದೆ ಬರುತ್ತಿರಲಿಲ್ಲ. ಹೆಂಡತಿ ಸತ್ತ ದಿನಕ್ಕಿಂತ ಈಗ ಮನೆ ಹೆಚ್ಚು ಖಾಲಿಯಾಗಿದೆ ಎನಿಸುತ್ತಿತ್ತು. ಅವಳನ್ನು ಜ್ವರ ಒಯ್ದಿತ್ತು. ಉಳಿದಿದ್ದಷ್ಟನ್ನು ತಾನೇ ತೊಳೆದು ಕೆರೆಗೆ ಬಿಟ್ಟಿದ್ದ.

ಕತ್ತೆಗೆ ಕಾಲು ನೋವಾಗಿ ಗಂಟನ್ನು ಅವನೇ ಹೊರಬೇಕಾಗಿ ಬಂತು. ತಲೆಗೆ ಇಡಲು ಬೇರೇನೂ ಸಿಗಲಿಲ್ಲ. ಆ ಬಟ್ಟೆಯನ್ನೇ ಸುತ್ತಿ ಸಿಂಬಿ ಮಾಡಿಕೊಂಡ. ಹೀಗೇ ಒಂದು ಬೇಸಗೆ ಕಳೆಯಿತು. ಬೆವರು ಇಳಿಯಿತು, ಧೂಳು ಕೂತಿತು. ಒಗೆಯುವ ಯೋಚನೆ ಅವನು ಮಾಡಲಿಲ್ಲ. ಅದನ್ನು ನೀರಿಗೆ ಹಾಕಲು ಅವನ ಕೈ ಹಿಂದೆಗೆಯುತ್ತಿತ್ತು.

ಒಂದು ಸಂಜೆ ಗಂಟು ಇಳಿಸಿ ಜಗುಲಿಯ ಮೇಲೆ ಕೂತ. ಕೂತಲ್ಲೇ ಕಣ್ಣು ಎಳೆಯಿತು. ಮಗು ಬಂದು ಅವನ ತಲೆಯ ಮೇಲಿದ್ದ ಸಿಂಬಿಯನ್ನು ತೆಗೆದುಕೊಂಡಿತು. ಬಿಚ್ಚಿ ಮೂಗಿಗೆ ಒತ್ತಿಕೊಂಡಿತು. ಅವನಿಗೆ ಎಚ್ಚರವಾಯಿತು, ಆದರೆ ಕಣ್ಣು ತೆರೆಯಲು ಹೆದರಿದ. ಮಗು ಬಹಳ ಹೊತ್ತು ಮೂಸುತ್ತಲೇ ಇತ್ತು.

"ಇದು ನಿಂದು," ಎಂದು ಬಟ್ಟೆಯನ್ನು ಅವನ ಕೈಯಲ್ಲಿ ಇಟ್ಟಿತು.

ಆಮೇಲೆ ಅವನ ಪಕ್ಕದಲ್ಲಿ ಮಲಗಿ, ಅವನ ತೋಳಿಗೆ ಮೂಗು ಒತ್ತಿಕೊಂಡು ನಿದ್ದೆಹೋಯಿತು. ತೋಳು ಜೋಮು ಹಿಡಿದರೂ ಅವನು ಅಲುಗಾಡಲಿಲ್ಲ.

ಕತೆ ಮುಗಿಯಿತು. ಪಡಸಾಲೆಯಲ್ಲಿ ಬಡಿಸುವವರು ಕೊನೆಯ ಸಾಲಿಗೆ ಮಜ್ಜಿಗೆ ಹಾಕುತ್ತಿದ್ದರು. ಪರ್ವತಯ್ಯ ಬುದ್ಧಿವಂತ. ಬುದ್ಧಿವಂತರಿಗೆ ಕತೆಯಲ್ಲೂ ತಮಗೆ ಬೇಕಾದ್ದು ಸಿಗುತ್ತದೆ.

"ಗುರುಗಳೇ, ಹೇಗೋ ಏನೋ, ಕೊನೆಗೆ ಆ ಮಗು ಸಿಂಬಿಯ ಅಭ್ಯಾಸ ಬಿಟ್ಟಿತಲ್ಲ. ಅಪ್ಪನ ಹತ್ತಿರವೂ ಬಂತು. ಅಂದ ಮೇಲೆ ನಾನು ಆಕೆಗೆ ಹೇಳಿದ್ದೂ ತಪ್ಪಲ್ಲ ಎಂದಾಯಿತು."

ಆ ಹೆಂಗಸು ಕೈತೊಳೆದು ಬಂದು ಮಗುವನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದಳು. ಅಂಗಿ ಜಾರಿ ನೆಲಕ್ಕೆ ಬಿತ್ತು. ಅವಳು ಬಗ್ಗಿ ಅದನ್ನು ಎತ್ತಿಕೊಂಡಳು. ಕೊಡವಲಿಲ್ಲ. ಒಂದು ಗಳಿಗೆ ತನ್ನ ಕೆನ್ನೆಗೆ ಹಿಡಿದು, ಆಮೇಲೆ ಮಗುವಿನ ಕೈಗೆ ಕೊಟ್ಟಳು. ಗುರುಗಳು ಅದನ್ನು ನೋಡಿದರು. ಶಿಷ್ಯನೂ ನೋಡಿದ.

"ಒಲೆಗೆ ಹಾಕು ಎಂದೆಯಲ್ಲ ಪರ್ವತಯ್ಯ, ಆ ಅಂಗಿ ಯಾರದೆಂದು ಕೇಳಿದೆಯಾ?" ಎಂದರು.